ಅಡಿಗೆಯ ಮನೆಯ ದಾರಿ

ಸಿನಿಮಾ ನೋಡುವ ಚಪಲವು ನಮಗೆ ಎಂದೂ ಇದ್ದುದಲ್ಲ. 33 ವರ್ಷಗಳ ಕಾಲ ಪ್ರೌಢಶಾಲೆಯ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸುತ್ತ ಬಂದವರಿಗೆ ಅಂಥ ಚಪಲಕ್ಕೆ ಅವಕಾಶವಾದರೂ ಎಲ್ಲಿಂದ ಬಂದೀತು? ಟೆಂಟಿನಲ್ಲಿ ಎರಡನೆಯ ಆಟ ನೋಡಿಬಂದು ಮರುದಿನ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ 'ರಾಮಃ ರಾಮೌ' ಹೇಳಿಸುವುದಿಷ್ಟೇ ಆ ಕಲೆಗೂ ನಮಗೂ ಇದ್ದ ಸಂಬಂಧ. ಹೀಗಿರಲಾಗಿ, ಅರುವತ್ತು ತುಂಬಿ ಮನೆ ಸೇರಿದ ಮೇಲೆ, ಹಿಮದ ನಾಡಿನಲ್ಲಿ ತೊಂಬತ್ತು ವರ್ಷಗಳ ಹಿಂದೆ ತಯಾರಾದ ಒಂದು ಪ್ರಣಯವಿನೋದದ ಚಿತ್ರವನ್ನು ಕುರಿತು ಬರೆಯ ಹೊರಟಿರುವ ನಮ್ಮನ್ನು ಕಂಡು, ನಮ್ಮನ್ನು ಬಲ್ಲ ವಾಚಕರು ನಗದೆ ಇರಲಾರರು. ನಕ್ಕರೆ ನಗಲಿ. ಆ ಚಿತ್ರದಿಂದ ನಮ್ಮ ಮನೆಯದೇ ಒಂದು ಸಂಗತಿ ನಮಗೆ ತಿಳಿದುಬಂದಿತು. ಅದನ್ನು ಹೇಳಬೇಕಾದರೆ ಚಿತ್ರದ ಮಾತನ್ನೂ ಹೇಳದೆ ವಿಧಿಯಿಲ್ಲ.

ನಮ್ಮ ಮಗಳು ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿಗೆ ಹೊಂದಿದಂತಿರುವ ಸೋಲ್ನಾ ಎಂಬ ಊರಿನಲ್ಲಿ ವಾಸವಾಗಿದ್ದಾಳೆ. 2015ರಲ್ಲಿ ಓದಲೆಂದು ಹೋದವಳು ಅಲ್ಲಿಯೇ ಉದ್ಯೋಗ ಹಿಡಿದು ನಿಂತಳು. ಕಳೆದ ವರ್ಷದ ಬೇಸಿಗೆಯಲ್ಲಿ ನಾವೂ ನಮ್ಮ ಮನೆಯವರೂ ಅವಳಲ್ಲಿಗೆ ಹೋಗಿ ಎರಡು ತಿಂಗಳು ಇದ್ದು ಬಂದೆವು. ಆ ದೇಶದ ಬೇಸಿಗೆಯಲ್ಲಿ ರಾತ್ರಿ ಹತ್ತು ಗಂಟೆಗೂ ಹೊರಗೆ ಕುಳಿತು ಪತ್ರಿಕೆ ಓದುವಷ್ಟು ಬೆಳಕಿರುತ್ತದೆ. ಸಂಧ್ಯಾವಂದನೆಯ ಹೊತ್ತನ್ನು ಗೊತ್ತುಮಾಡುವುದಕ್ಕೆ ನಾವು ಪಟ್ಟ ಪೇಚಾಟವನ್ನು ಮತ್ತೊಮ್ಮೆ ಬರೆಯುತ್ತೇವೆ.

ಸಾಯಂಕಾಲದ ತಿರುಗಾಟದಲ್ಲಿ ದಿನವೂ ಒಂದು ಹಳೆಯ ಹೆಬ್ಬಾಗಿಲನ್ನು ದಾಟಿ ಹೋಗುತ್ತಿದ್ದೆವು. ಅದು ರೋಸುಂದಾ ಎಂಬಲ್ಲಿರುವ 'ಫಿಲ್ಮ್‌ಸ್ಟಾಡೆನ್', ಅಂದರೆ ಚಿತ್ರನಗರ. ಮೊದಲನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಕಟ್ಟಿದ್ದು. ಐವತ್ತು ವರ್ಷಗಳವರೆಗೆ ಸ್ವೀಡಿಷ್ ಚಿತ್ರಗಳ ದೊಡ್ಡ ಕಾರ್ಖಾನೆಯಾಗಿತ್ತು. ಈಗ ಆ ಆವರಣದಲ್ಲಿ ಜನ ಸಂಸಾರ ಹೂಡಿದ್ದಾರೆ. ಬಾಗಿಲನ್ನೂ ಕೆಲವು ಕಟ್ಟಡಗಳನ್ನೂ ಮಾತ್ರ ಹಳೆಯ ನೆನಪಿಗೆಂದು ಉಳಿಸಿಕೊಂಡಿದ್ದಾರೆ. ಒಂದು ದಿನ ಮಗಳು, "ಅಪ್ಪಾ, ಈ ಬಾಗಿಲೊಳಗೆ ಕೆಲಸ ಮಾಡಿದವರೊಬ್ಬರು ಒಂದು ಚಿತ್ರವನ್ನು ಎರಡು ಭಾಷೆಯಲ್ಲಿ ಎರಡು ಸಲ ತೆಗೆದಿದ್ದಾರೆ. ನಿಮಗೆ ಹಿಡಿಸುವ ವಿಷಯ. ಮನೆಯಲ್ಲಿಯೇ ನೋಡೋಣ" ಎಂದಳು. ಎರಡು ಭಾಷೆಯೆಂದ ಕೂಡಲೇ ನಮ್ಮ ಕಿವಿ ನಿಮಿರಿತು. ವೃತ್ತಿಯ ದೋಷ.

ಒಂದೇ ಕಥೆಯನ್ನು ಎರಡು ಸಲ ಚಿತ್ರಿಸುವ ಕಷ್ಟವು ಏಕೆ ಬಂದಿತೆಂದು ಮೊದಲು ಹೇಳಬೇಕು. ಚಿತ್ರಕ್ಕೆ ಮಾತಿಲ್ಲದಿದ್ದ ಕಾಲದಲ್ಲಿ ಅದಕ್ಕೆ ದೇಶಭಾಷೆಗಳ ಕಟ್ಟೂ ಇರಲಿಲ್ಲ. ನಟನು ಬಾಯಾಡಿಸುವನು, ಬಳಿಕ ಪರದೆಯ ಮೇಲೆ ಅಕ್ಷರಗಳ ಫಲಕವೊಂದು ಮೂಡುವುದು. ಸ್ಟಾಕ್‌ಹೋಮಿನ ಚಿತ್ರವು ರೋಮಿಗೆ ಹೋಗಬೇಕಾದರೆ ಹತ್ತಿಪ್ಪತ್ತು ಫಲಕಗಳನ್ನು ಕತ್ತರಿಸಿ ಬೇರೆ ಭಾಷೆಯವನ್ನು ಅಂಟಿಸಿದರೆ ತೀರಿತು. 1927ರಲ್ಲಿ ಅಮೆರಿಕದಲ್ಲಿ ಚಿತ್ರಕ್ಕೆ ಬಾಯಿ ಬಂದಿತು. ಬಾಯಿ ಬಂದ ಮೇಲೆ ಅದು ಯಾವ ಭಾಷೆಯ ಬಾಯಿ ಎಂಬ ಪ್ರಶ್ನೆಯೂ ಬಂದಿತು. ಒಬ್ಬನ ತುಟಿಗೆ ಇನ್ನೊಬ್ಬನ ದನಿಯನ್ನು ಹೊಂದಿಸುವ ವಿದ್ಯೆ ಆಗ ಎಳಸಾಗಿತ್ತು. ಮಾತು, ಹಾಡು, ಹೆಜ್ಜೆಯ ಸಪ್ಪಳ ಎಲ್ಲವೂ ಒಂದರಲ್ಲೊಂದು ಬೆರೆತು ಮುದ್ರಿತವಾಗಿರುತ್ತಿದ್ದುದರಿಂದ ಮಾತನ್ನು ಮಾತ್ರ ಕಿತ್ತು ಬೇರೆಯದನ್ನು ನೆಡುವುದು ಸುಲಭವಾಗಿರಲಿಲ್ಲ. ಆದುದರಿಂದ ಚಿತ್ರೋದ್ಯಮಿಗಳು ಕಂಡುಕೊಂಡ ಉಪಾಯವೆಂದರೆ, ಅದೇ ಮನೆ, ಅದೇ ಮೇಜು ಕುರ್ಚಿ, ಅದೇ ಕ್ಯಾಮರಾ; ಒಂದು ಭಾಷೆಯ ನಟರು ಒಂದು ಪ್ರಸಂಗವನ್ನು ಮುಗಿಸಿ ಎದ್ದುಹೋದ ಮೇಲೆ ಇನ್ನೊಂದು ಭಾಷೆಯ ನಟರು ಬಂದು ಅದೇ ಕುರ್ಚಿಯಲ್ಲಿ ಕುಳಿತು ಅದೇ ಪ್ರಸಂಗವನ್ನು ತಮ್ಮ ಮಾತಿನಲ್ಲಿ ಆಡುವುದು.

ಅಮೆರಿಕದ ಪ್ಯಾರಾಮೌಂಟ್ ಸಂಸ್ಥೆಯು 1930ರಲ್ಲಿ ಪ್ಯಾರಿಸ್ ಬಳಿಯ ಜ್ವಾಂವಿಲ್ ಎಂಬಲ್ಲಿ ಇದನ್ನು ಹಗಲೂ ರಾತ್ರಿಯೂ ನಡೆಯುವ ಗಿರಣಿಯಂತೆ ಸ್ಥಾಪಿಸಿತು. ಯೂರೋಪಿನ ನಾನಾ ರಾಜಧಾನಿಗಳಿಂದ ನಟನಟಿಯರನ್ನು ಕರೆಸಿ, ಒಂದೊಂದು ಕಥೆಯನ್ನು ಹಲವು ಭಾಷೆಗಳಲ್ಲಿ ಹೆಣೆದು ಹೊರಗೆ ಹಾಕಿತು. ಮಾರ್ಸೆಲ್ ಪಾನ್ಯೋಲನ 'ಮಾರಿಯುಸ್' ನಾಟಕವು ಅಲ್ಲಿ 1931ರಲ್ಲಿ ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ಸ್ವೀಡಿಷಿನಲ್ಲಿಯೂ ತಯಾರಾಯಿತು. ಫ್ರೆಂಚ್ ಪ್ರತಿಯನ್ನು ಜನ ಇಂದಿಗೂ ನೋಡುತ್ತಾರೆ; ಉಳಿದ ಎರಡರ ಹೆಸರನ್ನು ಪಂಡಿತರೇ ನೆನೆಯಬೇಕು. ಮಾರ್ಸೇಲ್ಸಿನ ಬಂದರುಕಟ್ಟೆಯ ಸೊಗಸೆಲ್ಲ ಅಲ್ಲಿಯವರ ಮಾತಿನ ಧಾಟಿಯಲ್ಲಿರುವಾಗ, ಆ ಧಾಟಿಯನ್ನು ಕಳಚಿಟ್ಟು ಕಥೆಯನ್ನು ಮಾತ್ರ ಹೊತ್ತುಕೊಂಡು ಹೋದರೆ ಉಳಿಯುವುದೇನು? ಅದೇ ಕಾಲದಲ್ಲಿ, ಸ್ವೀಡನ್ನಿನ ಮಗಳಾದ ಗ್ರೇಟಾ ಗಾರ್ಬೋ 'ಅನ್ನಾ ಕ್ರಿಸ್ಟಿ' ಎಂಬ ಚಿತ್ರವನ್ನು ಅಮೆರಿಕದಲ್ಲಿ ಇಂಗ್ಲಿಷಿನಲ್ಲೊಮ್ಮೆ ಜರ್ಮನಿನಲ್ಲೊಮ್ಮೆ ತಾನೇ ಆಡಿದಳು. ಎರಡೂ ಅವಳ ತಾಯಿನುಡಿಯಲ್ಲ!

ಸ್ವೀಡನ್ನಿನ ಮೊದಲ ಪೂರ್ಣ ವಾಕ್ಚಿತ್ರವೂ ಒಂದು ಪ್ರಣಯವಿನೋದವೇ. 1930ರ 'ಫೊರ್ ಹೆನ್ನೆಸ್ ಸ್ಕುಲ್', ಅಂದರೆ 'ಅವಳಿಗಾಗಿ'. ಅದಕ್ಕೆ ಜರ್ಮನ್ ಭಾಷೆಯ ಜೋಡಿಯೊಂದು ಇತ್ತು. ದೊಡ್ಡ ನಾಡಿನ ಪೇಟೆಯನ್ನು ಆಶಿಸಿ ಸಣ್ಣ ನಾಡಿನವರು ಹೀಗೆ ಮಾಡುವುದು ಸಹಜ. ಆದರೆ ಮಗಳು ತೋರಿಸಿದ ಚಿತ್ರದ ಜೋಡಿಯು ಇದಕ್ಕಿಂತ ವಿಚಿತ್ರವಾದದ್ದು. 1932ರಲ್ಲಿ ಗುಸ್ತಾಫ್ ಮೊಲಾಂಡರ್ ಎಂಬಾತನು ಸ್ವೀಡಿಷಿನಲ್ಲಿ ತೆಗೆದ ಈ ಚಿತ್ರವನ್ನು, ತಾನೂ ತಾಂಕ್ರೆಡ್ ಇಬ್ಸೆನ್ ಎಂಬಾತನೂ ಕೂಡಿ ನಾರ್ವೇಜಿಯನ್ ಭಾಷೆಯಲ್ಲಿಯೂ ತೆಗೆದನು. ಇದು 1933ರಲ್ಲಿ ತೆರೆಕಂಡಿತು. ನಾರ್ವೆಯ ಜನಸಂಖ್ಯೆ ಆಗ ಸುಮಾರು 28 ಲಕ್ಷ. ಸ್ವೀಡನ್ನಿನದು 61 ಲಕ್ಷ. ಅದಕ್ಕಿಂತಲೂ ಮುಖ್ಯವಾಗಿ, ಈ ಎರಡು ದೇಶದವರು ತಮ್ಮ ತಮ್ಮ ಭಾಷೆಯನ್ನೇ ಆಡುತ್ತ ಒಬ್ಬರಿಗೊಬ್ಬರು ಬಹುಮಟ್ಟಿಗೆ ಅರ್ಥವಾಗುತ್ತಾರೆ. ಅರ್ಥವಾಗುವ ಭಾಷೆಗೇ ಮತ್ತೊಮ್ಮೆ ಹಣ ಸುರಿದು ಚಿತ್ರ ತೆಗೆಯುವುದೇ? ಜಿಪುಣ ಗೃಹಸ್ಥರಾದ ನಮಗೆ ಮೊದಲು ಇದು ದುಂದೆಂದೇ ತೋರಿತು.

ಚರಿತ್ರೆಯನ್ನು ನೋಡಿದರೆ ದುಂದಲ್ಲ. ನಾರ್ವೆಯು ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಡೆನ್ಮಾರ್ಕಿನ ಅರಸರ ಕೆಳಗಿದ್ದು, 1814ರಿಂದ 1905ರವರೆಗೆ ಸ್ವೀಡನ್ನಿನ ಅರಸರ ಕೆಳಗಿದ್ದು, ಆ ಬಳಿಕ ಸ್ವತಂತ್ರವಾದ ನಾಡು. 1932ರಲ್ಲಿ ಆ ಸ್ವಾತಂತ್ರ್ಯಕ್ಕೆ ಇನ್ನೂ 27 ವರ್ಷ. ಪಕ್ಕದ ಮನೆಯ ಅಣ್ಣನ ಮಾತು ಅರ್ಥವಾಗುವುದು ಬೇರೆ, ಅವನ ಮಾತಿನಲ್ಲಿಯೇ ನಗಬೇಕಾಗುವುದು ಬೇರೆ. ಓಸ್ಲೋ ಬಳಿ ಯಾರ್ ಎಂಬಲ್ಲಿ ನಾರ್ವೆಯವರ ಸ್ವಂತ ಚಿತ್ರಶಾಲೆ ತಲೆಯೆತ್ತಿದ್ದು 1935ರಲ್ಲಿ. ಆ ಮೊದಲೇ ಅವರ ಭಾಷೆ ಪರದೆಯ ಮೇಲೆ ಮಾತಾಡಲು ಹವಣಿಸಿತ್ತು: 1931ರಲ್ಲಿ ಮೊದಲ ನಾರ್ವೇಜಿಯನ್ ವಾಕ್ಚಿತ್ರವನ್ನು ತಯಾರಿಸಿದವರಲ್ಲಿ ಇದೇ ತಾಂಕ್ರೆಡ್ ಇಬ್ಸೆನ್ ಒಬ್ಬನು. ಇವನು ತಂದೆಯ ಕಡೆಯಿಂದ ನಾಟಕಕಾರ ಹೆನ್ರಿಕ್ ಇಬ್ಸೆನ್ನನ ಮೊಮ್ಮಗ. ತಾಯಿಯ ಕಡೆಯಿಂದ, 1903ರಲ್ಲಿ ನೊಬೆಲ್ ಬಹುಮಾನ ಪಡೆದ ಬ್ಯೋರ್ನ್‌ಸನ್ನನ ಮೊಮ್ಮಗ. ತಾತನ 'ಗೊಂಬೆಯ ಮನೆ'ಯಲ್ಲಿ ನಾಯಕಿಯು ಮುಂಬಾಗಿಲನ್ನು ಎಳೆದುಕೊಂಡು ಹೊರಕ್ಕೆ ಹೋಗುತ್ತಾಳೆ. ಮೊಮ್ಮಗನ ಚಿತ್ರದಲ್ಲಿ ನಾಯಕಿಯು ಅಡಿಗೆಯ ಮನೆಯ ಬಾಗಿಲಿನಿಂದ ಒಳಕ್ಕೆ ಬರುತ್ತಾಳೆ.

ಚಿತ್ರದ ಹೆಸರೂ ಅದೇ. ಸ್ವೀಡಿಷಿನಲ್ಲಿ 'ವೀ ಸೋಮ್ ಗೋರ್ ಶೋಕ್ಸ್‌ವೇಗೆನ್'. ನಾರ್ವೇಜಿಯನ್ನಿನಲ್ಲಿ ಕೊನೆಯ ಪದವು 'ಶೋಕೆನ್‌ವೆಯೆನ್'. 'ಅಡಿಗೆಯ ಮನೆಯ ದಾರಿಯಿಂದ ಹೋಗುವ ನಾವು' ಎಂದರ್ಥ. ಕನ್ನಡಿಯ ಎರಡು ಬದಿಗಳಂತೆ ಪದಕ್ಕೆ ಪದ ಹೊಂದುವ ಸಮಾಸಗಳು. ಷಷ್ಠೀತತ್ಪುರುಷವೆಂದು ವಿಗ್ರಹ ಬರೆದು ಮಗಳಿಗೆ ತೋರಿಸಿದೆವು. ಮೂಲವು ನಾರ್ವೆಯ ಸಿಗ್ರಿಡ್ ಬೂ ಎಂಬಾಕೆ 1930ರಲ್ಲಿ ಬರೆದು ಬಹು ಜನಪ್ರಿಯವಾದ ಕಾದಂಬರಿ. ಸಿರಿವಂತರ ಮಗಳು ಹೆಲ್ಗಾ, ತಾನು ಮನೆಗೆಲಸದವಳಾಗಿ ದುಡಿದು ಬದುಕಬಲ್ಲೆನೆಂದು ಪಂತ ಕಟ್ಟಿ, ತನ್ನ ಗುರುತು ಮುಚ್ಚಿಟ್ಟು ಹಳ್ಳಿಯ ದೊಡ್ಡ ಮನೆಯೊಂದರಲ್ಲಿ ಊಳಿಗಕ್ಕೆ ಸೇರುತ್ತಾಳೆ. ಒಲೆಯ ಕಾವನ್ನೂ ಒಡತಿಯ ಕಾವನ್ನೂ ಒಟ್ಟಿಗೆ ಅನುಭವಿಸುತ್ತಾಳೆ. ಆ ಮನೆಯ ಮೋಟಾರು ನಡೆಯಿಸುವವನಿಗೂ ಅವಳಿಗೂ ಪ್ರೇಮಾಂಕುರವಾಗುತ್ತದೆ. ಸ್ವೀಡಿಷ್ ಪ್ರತಿಯಲ್ಲಿ ಹೆಲ್ಗಾ ಆದವಳು ತುತ್ತಾ ರೋಲ್ಫ್, ಹುಟ್ಟಿನಿಂದ ನಾರ್ವೆಯವಳೇ! 1934ರಲ್ಲಿ ಹಾಲಿವುಡ್ಡಿನವರು ಇದೇ ಕಥೆಯನ್ನು ಇಂಗ್ಲಿಷಿಗೂ ತಂದು, ನಡುವೆ ವಾಲ್ಟ್ ಡಿಸ್ನಿಯವರ ಚಲಿಸುವ ಬೊಂಬೆಚಿತ್ರವನ್ನು ಸೇರಿಸಿದರು.

ಕಥೆ ನಮಗೆ ಹೊಸದೆನಿಸಲಿಲ್ಲ. ಕಾಳಿದಾಸನ ಮಾಲವಿಕೆಯು ರಾಜಪುತ್ರಿಯಾಗಿದ್ದೂ ರಾಣಿ ಧಾರಿಣಿಯ ಪರಿಚಾರಿಕೆಯಾಗಿದ್ದಳಲ್ಲವೆ? ಹರ್ಷನ ರತ್ನಾವಳಿಯೂ ಸಾಗರಿಕೆಯೆಂಬ ಹೆಸರಿನಿಂದ ವಾಸವದತ್ತೆಯ ಕೆಳಗಿದ್ದವಳೇ. ವಿರಾಟನಗರದ ಸೈರಂಧ್ರಿಯನ್ನು ಬೇರೆ ಹೇಳಬೇಕಾಗಿಲ್ಲ. ಸಾರಥ್ಯ ಮಾಡಿಕೊಂಡಿದ್ದ ನಳನನ್ನು ನೆನೆದರೆ ಆ ಮೋಟಾರಿನವನಿಗೂ ಪೂರ್ವಿಕನೊಬ್ಬನು ಸಿಕ್ಕಿದಂತಾಯಿತು. ಆದರೆ ಒಂದು ಭೇದವುಂಟು. ನಮ್ಮ ನಾಟಕಗಳಲ್ಲಿ ರಾಜಕುಮಾರಿಯೂ ಅವಳ ಸಖಿಯೂ ಒಂದೇ ಶೌರಸೇನೀ ಪ್ರಾಕೃತವನ್ನು ಆಡುವುದರಿಂದ ಮಾಲವಿಕೆಯ ಭಾಷೆಯಿಂದ ಅವಳ ಗುಟ್ಟು ರಟ್ಟಾಗುವ ಸಂಭವವಿಲ್ಲ. ಹೆಲ್ಗಾಳಿಗೆ ಆ ಸೌಕರ್ಯವಿಲ್ಲ. ಅವಳು ಬಾಯಿಬಿಟ್ಟರೆ ಅಪಾಯ. ಏಕೆಂದರೆ ಆ ದೇಶಗಳಲ್ಲಿ ಆಗ 'ನೀನು ನೀವು'ಗಳ ಲೆಕ್ಕ ಬಹು ಬಿಗಿಯಾಗಿತ್ತು.

ಈ ಲೆಕ್ಕವೂ ಎರಡು ಭಾಷೆಗಳಲ್ಲಿ ಒಂದೇ ಆಗಿರಲಿಲ್ಲವೆಂಬುದನ್ನು ಮಗಳು ಹೇಳಿ ತಿಳಿದೆವು. ನಾರ್ವೇಜಿಯನ್ನಿನಲ್ಲಿ ಸಲಿಗೆಗೆ 'ಡು', ಗೌರವಕ್ಕೆ 'ಡೀ', ನಮ್ಮಂತೆಯೇ. ಸ್ವೀಡಿಷಿನಲ್ಲಿಯೂ 'ಡು' ಉಂಟು, 'ನೀ' ಉಂಟು. ಆದರೆ ಬಹುವಚನದ ಆ 'ನೀ' ಎಂಬುದನ್ನು ದೊಡ್ಡವರಿಗೆ ಬಳಸಿದರೆ ಅದೇ ಅಗೌರವ! (ನಮ್ಮ ಕಿವಿಗೂ ಹಾಗೆಯೇ ಕೇಳಿಸಿತು, ಕಾರಣ ಬೇರೆ.) ದೊಡ್ಡವರೊಡನೆ ಮಾತಾಡುವಾಗ ಅವರ ಪದವಿಯನ್ನೇ ಹಿಡಿದು, ಮೂರನೆಯವರನ್ನು ಕುರಿತು ಹೇಳುವಂತೆ, 'ವೈದ್ಯರು ಕಾಫಿ ಕುಡಿಯುವರೇ?' ಎಂದು ವೈದ್ಯರನ್ನೇ ಕೇಳಬೇಕು. ಇದನ್ನು ಕೇಳಿ ನಾವು ಕುರ್ಚಿಯಿಂದ ಅರ್ಧ ಎದ್ದೆವು. ಸಂಸ್ಕೃತದ 'ಭವಾನ್' ಶಬ್ದವು ಎದುರಿಗಿರುವವನನ್ನು ಹೇಳಿದರೂ ಪ್ರಥಮ ಪುರುಷದ ಕ್ರಿಯಾಪದವನ್ನೇ ಬೇಡುವುದನ್ನು 33 ವರ್ಷ ಹೇಳಿಕೊಟ್ಟು ದಣಿದಿದ್ದೇವೆ. ಹುಡುಗರು ಅದೊಂದು ವ್ಯಾಕರಣದ ಕಿರುಕುಳವೆಂದೇ ತಿಳಿದಿದ್ದರು. ಸ್ವೀಡನ್ನಿನವರು ಅದನ್ನು ಕಾಫಿಯ ಬಟ್ಟಲಿನ ಮೇಲೆ ನಡೆಯಿಸಿಕೊಂಡಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಈ ಕಟ್ಟೆಲ್ಲ ಮುರಿದುಬಿದ್ದು ಎಲ್ಲರೂ ಎಲ್ಲರಿಗೂ 'ಡು' ಎನ್ನತೊಡಗಿದರಂತೆ. 1932ರ ಚಿತ್ರದಲ್ಲಿ ಮಾತ್ರ, ಒಡತಿ ಆಳುಗಳ ಮಾತನ್ನು ಒಂದು ಭಾಷೆಯಿಂದ ಮತ್ತೊಂದಕ್ಕೆ ತರುವವನು ಎಷ್ಟು ಹತ್ತಿರದ ಭಾಷೆಯೆಂದರೂ ಮೆಟ್ಟಿಲು ಮೆಟ್ಟಿಲಿಗೂ ನಿಂತು ನೋಡಿ ಕಾಲಿಡಬೇಕಾಗಿತ್ತು.

ನಾವು ನೋಡಿದ್ದು ಸ್ವೀಡಿಷ್ ಪ್ರತಿ. ಮಗಳು ನಮ್ಮ ಪಕ್ಕದಲ್ಲಿ ಕುಳಿತು ಮಾತು ಮಾತಿಗೂ ಕನ್ನಡ ಹೇಳುತ್ತಿದ್ದಳು; ಪ್ರಾಕೃತದ ಕೆಳಗೆ ಛಾಯೆಯನ್ನು ಅಚ್ಚು ಹಾಕಿದಂತೆ. ನಮ್ಮ ಮನೆಯವರು ಹೆಣಿಗೆ ಹಿಡಿದು ಆಚೆಯ ಕುರ್ಚಿಯಲ್ಲಿದ್ದರು. ಹೆಲ್ಗಾ ಅಡಿಗೆಯ ಮನೆಯ ಕೆಲಸಕ್ಕೆ ಕೈಹಾಕಿ ಅವಸ್ಥೆಪಡುವ ಭಾಗ ಬಂದಿತು. ಮಗಳು ನಗಬೇಕಾದಲ್ಲಿ ನಗಲಿಲ್ಲ. ನಾವು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳದೆ, "ಇಷ್ಟು ಹತ್ತಿರದ ಭಾಷೆಗಳಾದರೆ ಹತ್ತಿರದ್ದೇ ಮೋಸವೂ ಇರಬೇಕಲ್ಲಮ್ಮಾ, ಒಂದೇ ಶಬ್ದ, ಎರಡು ಅರ್ಥ?" ಎಂದು ಕೇಳಿದೆವು.

"ಬೇಕಾದಷ್ಟು ಅಪ್ಪಾ. 'ಬೀ' ಅಂದರೆ ಇಲ್ಲಿ ಹಳ್ಳಿ, ಅಲ್ಲಿ ಪಟ್ಟಣ. 'ರಾರ್' ಅಂದರೆ ಇಲ್ಲಿ ಒಳ್ಳೆಯವನು, ಅಲ್ಲಿ ವಿಚಿತ್ರದವನು. 'ರೂಲಿಗ್' ಅಂದರೆ ಇಲ್ಲಿ ತಮಾಷೆಯದು, ಅವರಲ್ಲಿ ಸಮಾಧಾನ. ಇದು ಗೊತ್ತಿಲ್ಲದೆ ನಾನು ಒಂದು ವಾರ ಸಿಟ್ಟುಮಾಡಿಕೊಂಡಿದ್ದೆ. ನಮ್ಮ ಅಡಿಗೆಯವನು ನಾರ್ವೆಯವನು. ತಟ್ಟೆಗಳು ರಾಶಿ ಬಿದ್ದು ನಾನು ಗಾಬರಿಯಾದಾಗಲೆಲ್ಲ 'ರೂಲಿಗ್, ರೂಲಿಗ್' ಅನ್ನುತ್ತಿದ್ದ. ನನಗೆ ಪ್ರಾಣ ಹೋಗುವಾಗ ಇವನಿಗೆ ತಮಾಷೆಯೇ ಅಂತ..."

ಅಷ್ಟಕ್ಕೆ ನಿಂತಳು.

"ಯಾವ ಅಡಿಗೆಯವನಮ್ಮಾ? ಪುಸ್ತಕಭಂಡಾರದಲ್ಲಿ ಅಡಿಗೆಯವನೇ?"

ಓದುತ್ತಿದ್ದ ಎರಡು ವರ್ಷವೂ ತಾನು ವಿಶ್ವವಿದ್ಯಾಲಯದ ಪುಸ್ತಕಭಂಡಾರದಲ್ಲಿ ಪುಸ್ತಕಗಳನ್ನು ಜೋಡಿಸಿಡುವ ಕೆಲಸದಲ್ಲಿರುವುದಾಗಿ ಅವಳು ನಮಗೆ ಹೇಳಿದ್ದಳು. ಪ್ರತಿ ಭಾನುವಾರದ ದೂರವಾಣಿಯಲ್ಲಿ, ಯಾವ ಯಾವ ಪುಸ್ತಕಗಳೆಂದು ನಾವು ಕೇಳುತ್ತಿದ್ದೆವು, ಅವಳು ಹೇಳುತ್ತಿದ್ದಳು. ಊರಿನ ಎಷ್ಟು ಜನರಿಗೆ ನಾವು ಅದನ್ನು ಹೆಮ್ಮೆಯಿಂದ ಹೇಳಿದ್ದೇವೋ ಲೆಕ್ಕವಿಲ್ಲ.

ಮಗಳು ಚಿತ್ರವನ್ನು ನಿಲ್ಲಿಸಿದಳು. ಹೋಟೆಲೊಂದರ ನೆಲಮಾಳಿಗೆಯ ಅಡಿಗೆಯ ಮನೆ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ. ವಾರಕ್ಕೆ ನಾಲ್ಕು ದಿನ. ಊಟವಾದ ತಟ್ಟೆಗಳಲ್ಲಿ ಉಳಿದದ್ದನ್ನು ಬಳಿದು, ಯಂತ್ರಕ್ಕೆ ಹಾಕುವುದನ್ನು ಯಂತ್ರಕ್ಕೆ ಹಾಕಿ, ದೊಡ್ಡ ಪಾತ್ರೆಗಳನ್ನು ಕೈಯಿಂದ ತಿಕ್ಕುವುದು. ಯೂರೋಪಿನ ಒಕ್ಕೂಟದ ಹೊರಗಿನಿಂದ ಬಂದ ವಿದ್ಯಾರ್ಥಿಗಳು 2011ರಿಂದೀಚೆಗೆ ಅಲ್ಲಿ ಶುಲ್ಕ ತೆರಬೇಕು. ನಾವು ಮನೆಯ ಮೇಲೆ ಮಾಡಿದ ಸಾಲವು ಅದಕ್ಕೇ ಸರಿಹೋಗಿತ್ತು. ತನ್ನ ಊಟವನ್ನೂ ಕೋಣೆಯ ಬಾಡಿಗೆಯನ್ನೂ ಅವಳು ಹೀಗೆ ದುಡಿದು ತಂದಿದ್ದಳು.

"ಹೇಳಬಾರದಾಗಿತ್ತೇ?" ಎಂದೆವು.

"ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರಿ ಅಪ್ಪಾ? ಮೇಷ್ಟರ ಮಗಳು ಕಂಡವರ ಮುಸುರೆ ತಿಕ್ಕುತ್ತಾಳೆ ಅಂದರೆ ಮರುದಿನವೇ ಟಿಕೇಟು ಕಳಿಸಿ ವಾಪಸು ಕರೆಸಿಕೊಳ್ಳುತ್ತಿದ್ದಿರಿ."

ಇಲ್ಲವೆನ್ನಲು ಬಾಯಿ ತೆರೆದೆವು. ಇಲ್ಲವೆನ್ನಲಾಗಲಿಲ್ಲ. ನಾವು ಹುಡುಗರಾಗಿದ್ದಾಗ ನಮ್ಮ ಮನೆಗೆ ಒಬ್ಬಾಕೆ ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ಪಾತ್ರೆಗಳನ್ನು ಬಾವಿಯ ಕಟ್ಟೆಯ ಬಳಿ ಇಡುವರು. ಅವಳು ಬೆಳಗಿ ಕವುಚಿ ಹೋದ ಮೇಲೆ ನಮ್ಮ ತಾಯಿಯವರು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುವರು. ಅವಳ ಕಾಫಿಯ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲಿ ಬೇರೆಯಾಗಿರುತ್ತಿತ್ತು. ಹನ್ನೆರಡು ವರ್ಷ ಬಂದಳು. ಮನೆಯವರೆಲ್ಲ ಅವಳನ್ನು 'ಮುಸುರೆಯವಳು' ಎಂದೇ ಕರೆಯುತ್ತಿದ್ದರು. ನಾವೂ ಹಾಗೆಯೇ ಕರೆದೆವು. ಹೆಸರೇನೆಂದು ಈಗ ಎಷ್ಟು ಯೋಚಿಸಿದರೂ ನೆನಪಿಗೆ ಬಾರದು, ಏಕೆಂದರೆ ಕೇಳಿಯೇ ಇರಲಿಲ್ಲ.

ನಮ್ಮ ಮನೆಯವರ ಕಡೆಗೆ ತಿರುಗಿದೆವು. ಅವರ ಕೈಯ ಕಡ್ಡಿಗಳು ನಿಂತಿರಲಿಲ್ಲ. ಆಶ್ಚರ್ಯದ ಸುಳಿವೂ ಮುಖದಲ್ಲಿರಲಿಲ್ಲ.

"ನಿಮಗೆ ತಿಳಿದಿತ್ತೇ?"

"ಮೊದಲನೆಯ ವಾರದಿಂದ. ಕೈ ಬೊಬ್ಬೆಯೆದ್ದಿದೆ ಅಂದಳು, ಕೊಬ್ಬರಿಯೆಣ್ಣೆ ಹಚ್ಚು ಅಂದೆ" ಎಂದರು.

ಒಂದೇ ಭಾನುವಾರ, ಒಂದೇ ದೂರವಾಣಿ. ತಾಯಿಗೊಂದು ಪ್ರತಿ, ತಂದೆಗೊಂದು ಪ್ರತಿ. ಭಾಷಾಶಾಸ್ತ್ರದಲ್ಲಿ ತಲೆಹಾಕುವ ನಮಗೆ ಆ ಎರಡು ವರ್ಷಗಳಲ್ಲಿ ಒಮ್ಮೆಯೂ ಸಂದೇಹ ಹುಟ್ಟಲಿಲ್ಲ. ಸಿಟ್ಟು ಬಂದಿತೆಂದು ಹೇಳದಿದ್ದರೆ ಸುಳ್ಳಾದೀತು. ಸುಳ್ಳು ಹೇಳಿದಳೆಂದಲ್ಲ, ನಮ್ಮನ್ನು ಸತ್ಯ ಹೇಳಲು ಯೋಗ್ಯರೆಂದು ತಿಳಿಯಲಿಲ್ಲವಲ್ಲ ಎಂದು. ಎದ್ದು ಕಿಟಕಿಯ ಬಳಿ ನಿಂತೆವು. ಹೊರಗೆ ಒಂಬತ್ತೂವರೆಯ ಬಿಸಿಲು.

ಸ್ವಲ್ಪ ಹೊತ್ತಿನ ಮೇಲೆ ಮಗಳು, "ಉಳಿದ ಚಿತ್ರ ನಾಳೆ ನೋಡೋಣವೇ ಅಪ್ಪಾ?" ಎಂದಳು.

"ಬೇಡ. ಈಗಲೇ ಹಾಕು. ನಾವು ಕೇಳುತ್ತ ಕುಳಿತು ಬಿಟ್ಟುಹೋದ ಭಾಗವಿದೆಯಲ್ಲ, ಅಲ್ಲಿಂದ" ಎಂದೆವು.

ಮರುದಿನ ಮಗಳು ಕೆಲಸಕ್ಕೆ ಹೋಗಿದ್ದಳು. ಊಟವಾದ ಮೇಲೆ ನಾವು ಪಂಚೆಯನ್ನು ಎತ್ತಿಕಟ್ಟಿ ತೊಟ್ಟಿಯ ಮುಂದೆ ನಿಂತೆವು. ನಮ್ಮ ಮನೆಯವರು ನೋಡಿದರು, ಬೇಡವೆನ್ನಲಿಲ್ಲ. ಸಾಯಂಕಾಲ ಮಗಳು ಬಂದು ಕವುಚಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಮೂರನ್ನು ತಿರುಗಿ ತೊಟ್ಟಿಗೆ ಹಾಕಿದಳು. "ಹೀಗಲ್ಲ ಅಪ್ಪಾ. ಮೊದಲು ಲೋಟ, ಆಮೇಲೆ ತಟ್ಟೆ, ಜಿಡ್ಡಿನ ಬಾಣಲೆ ಎಲ್ಲಕ್ಕಿಂತ ಕೊನೆಗೆ. ನೀರು ಇನ್ನೂ ಬಿಸಿಯಿರಬೇಕು" ಎಂದು ತೋಳು ಮಡಿಸಿಕೊಂಡು ಪಕ್ಕದಲ್ಲಿ ನಿಂತು ತೋರಿಸಿದಳು. ಬಿಸಿನೀರು ತಗಲಿ ನಾವು ಕೈ ಹಿಂದೆಗೆದಾಗ, "ರೂಲಿಗ್, ರೂಲಿಗ್" ಎಂದಳು. ಯಾವ ಭಾಷೆಯದೆಂದು ನಾವು ಕೇಳಲಿಲ್ಲ.